ಸಿಬಿಲ್ ಮಾವ

ಬಸವನಗುಡಿಯಲ್ಲಿ ರಸ್ತೆಗೊಂದು ಗಣೇಶನ ಗುಡಿ, ಒಬ್ಬ ಹೋಮಿಯೋಪತಿ ಡಾಕ್ಟರು, ಒಬ್ಬ ಸಿಬಿಲ್ ಮಾವ. ಹಿಂದೆ ಇಂಥವರು ಜಾತಕ ಕೇಳುತ್ತಿದ್ದರು, ಈಗ ಪ್ಯಾನ್ ನಂಬರ್ ಕೇಳುತ್ತಾರೆ. 300ರಿಂದ 900ರ ನಡುವೆ ಸಿಬಿಲ್ ಎಂಬ ಸಾಲದ ಬ್ಯೂರೋ ಕೊಡುವ ನಿಮ್ಮ ಸ್ಕೋರು 750 ದಾಟಿದ್ದರೆ ಗುರುಬಲ; ಆರುನೂರರ ಆಸುಪಾಸಿನಲ್ಲಿದ್ದರೆ ಸಾಡೇಸಾತಿ.

ನಮ್ಮ ರಸ್ತೆಯ ಮಾವನಿಗೆ ಈ ಹುಚ್ಚು ಹಿಡಿಸಿದ್ದು ವರ್ಷಕ್ಕೊಮ್ಮೆ ಪುಕ್ಕಟೆ ಸಿಗುವ ಸಿಬಿಲ್ ವರದಿ. ಅದರಲ್ಲಿ ಅವರು ಕಣ್ಣಲ್ಲೂ ಕಾಣದ ಕ್ರೆಡಿಟ್ ಕಾರ್ಡೊಂದರ 4,312 ರೂಪಾಯಿ ‘ರಿಟನ್ ಆಫ್’, ಅಂದರೆ ಬ್ಯಾಂಕು ಆಸೆ ಬಿಟ್ಟ ಬಾಕಿ! ಅದು ಅದೇ ಹೆಸರು, ಅದೇ ಇನಿಷಿಯಲ್ಲಿನ ಇನ್ಯಾರದೋ. ಗಾಂಧಿ ಬಜಾರಿನಲ್ಲಿ ನಿಂತು ಆ ಹೆಸರು ಕೂಗಿದರೆ ಆರು ಜನ ತಿರುಗಿ ನೋಡುತ್ತಾರೆ.

ತಿದ್ದಿ ಎಂದು ಮಾವ ಡಿಸ್ಪ್ಯೂಟ್ ಹಾಕಿದರು. ಟೈಪ್ ಮಾಡಿದವನು ನಾನು. ಭಾನುವಾರ ವಿದ್ಯಾರ್ಥಿ ಭವನದಲ್ಲಿ ಮಾಣಿ ತೋಳುದ್ದ ತಟ್ಟೆ ಜೋಡಿಸಿಕೊಂಡು ಬಂದು ದೋಸೆ ಇಟ್ಟರೆ, ಮಾವ ಅದರ ಪಕ್ಕ ವರದಿ ಹರಡಿದರು. “ನೋಡು, 36 ತಿಂಗಳ ಲೆಕ್ಕ, ಕಂತು ಎಷ್ಟು ದಿನ ತಡ ಅಂತ. 000 ಇದ್ದರೆ ಶ್ರೇಷ್ಠ.” ಸೊನ್ನೆ ತಂದವನಿಗೆ ಮರ್ಯಾದೆ ಸಿಗುವುದನ್ನು ನಾನು ಅಲ್ಲೇ ಮೊದಲು ಕಂಡದ್ದು. “ಬ್ಯೂರೋದವನು ಬರೀ ಗುಮಾಸ್ತ ಕಣೋ. ಬ್ಯಾಂಕು ಒಪ್ಪಿದರೇ ಅವನು ತಿದ್ದೋದು.” ದೋಸೆ ಆರಿತು.

30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ, 2024ರ ಏಪ್ರಿಲ್‌ನಿಂದ. 31ನೇ ದಿನದಿಂದ ಮಾವ ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ನೂರು ನೂರು ಬರೆಯತೊಡಗಿದರು. ಮುಖದಲ್ಲಿ ಡಿಎ ಅರಿಯರ್ಸ್ ಬಂದಷ್ಟು ಕಳೆ.

“ಈ ವಯಸ್ಸಲ್ಲಿ ನಿಮಗೆ ಯಾರು ಸಾಲ ಕೊಡ್ತಾರೆ ಮಾವ?” ಎಂದು ರೇಗಿದೆ.

“ಸಾಲ ಯಾರಿಗೆ ಬೇಕೋ? ನಾನು ಹೋದ ಮೇಲೂ ಆ ಬಾಕಿ ನನ್ನ ಹೆಸರಲ್ಲಿ ಹಾಗೇ ಇರುತ್ತಲ್ಲ.”

38ನೇ ದಿನ ಆ ಸಾಲು ಅಳಿಸಿಹೋಯಿತು. 800 ರೂಪಾಯಿಯೂ ಬಂತು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಮಾವ ನನ್ನ ವರದಿಗೆ ಕೈಹಾಕಿದರು. ಹಳೇ ಕಾರ್ಡಿನ ಬಾಕಿಯನ್ನು ಅವರೆಕಾಯಿ ಚೌಕಾಸಿ ಮಾಡಿದ ಹಾಗೆ ಅರ್ಧಕ್ಕೆ ಇಳಿಸಿದ್ದೆ. ಅದರ ಮುಂದೆ ‘ಸೆಟಲ್ಡ್’ ಎಂದಿತ್ತು. ನಾನು ಬೀಗಿದೆ.

“ಪೆದ್ದೇ, ಸೆಟಲ್ಡ್ ಅಂದರೆ ಪೂರ್ತಿ ಕೊಡಲಿಲ್ಲ, ಇವನ ಸಹವಾಸ ಸಾಕು ಅಂತ ಬಿಟ್ಟಿದ್ದಾರೆ ಅಂತ. ಉಳಿದದ್ದು ಕಟ್ಟು, ನೋ ಡ್ಯೂ ತಗೋ, ‘ಕ್ಲೋಸ್ಡ್’ ಅಂತ ಬರೆಸು.”

ನಮ್ಮ ಕಡೆ ಛತ್ರದ ಊಟದ ಪಂಕ್ತಿಯಲ್ಲಿ ‘ಸೆಟಲ್ಡ್’ಗಿಂತ ದೊಡ್ಡ ಪದವಿ ಇಲ್ಲ. ಮಾವನ ಮಗ ನ್ಯೂಜೆರ್ಸಿಯಲ್ಲಿ ಸೆಟಲ್ಡ್, ಮಗಳು ಸಿಡ್ನಿಯಲ್ಲಿ ಸೆಟಲ್ಡ್. ಆ ಅರ್ಥ ಹೇಳಿದ ಮೇಲೆ ಮಾವನೂ ಒಂದು ಗಳಿಗೆ ಸುಮ್ಮನಾದರು. ಆಮೇಲೆ ಒಳಗೆ ಹೋಗಿ ತಾವೇ ಎರಡು ಲೋಟ ಕಾಫಿ ಬೆರೆಸಿ ತಂದರು.

“ಭಾನುವಾರ ಬಾ. ಪ್ಯಾನ್ ಕಾರ್ಡ್ ಮರೀಬೇಡ.”

ನನ್ನ ಪ್ಯಾನ್ ನಂಬರ್ ಅವರಿಗೆ ಆಗಲೇ ಬಾಯಿಪಾಠ.