ಮೂರು ಬಣ್ಣ, ಒಂದು ಬಾಗಿಲು

ಅಮೆರಿಕದ ಹಿಮ ಬೀಳುವ ಕಡೆ ಐದೆಕರೆ ಜಾಗ ಮಾಡಿಕೊಂಡವನಿಗೆ ಕ್ಯಾಬಿನ್ ಇರುವ ಪುಟ್ಟ ಟ್ರ್ಯಾಕ್ಟರ್ ಆರಿಸುವುದೆಂದರೆ ಹೆಣ್ಣು ನೋಡುವ ಶಾಸ್ತ್ರವೇ. ಜನವರಿಯಲ್ಲಿ ಹಿಮ ಬಾಚಲು ಹೀಟರ್ ಬೇಕು, ಜುಲೈನಲ್ಲಿ ಹುಲ್ಲು ಕತ್ತರಿಸಲು ಎಸಿ ಬೇಕು.

ಕಣದಲ್ಲಿರುವ ಟ್ರ್ಯಾಕ್ಟರ್ ಕಂಪನಿಗಳಲ್ಲಿ ಹಸಿರು ಜಾನ್ ಡಿಯರ್ ಇಲಿನಾಯ್‌ನ ಹಳೇ ಮನೆತನ. ಕಿತ್ತಳೆ ಕುಬೋಟ 1890ರಲ್ಲಿ ಒಸಾಕಾದಲ್ಲಿ ಹುಟ್ಟಿದ್ದು. ಕೆಂಪು ಮಹೀಂದ್ರ ನಮ್ಮ ಕಡೆಯದೇ. 1994ರಿಂದ ಅಮೆರಿಕದಲ್ಲೂ ಠಿಕಾಣಿ ಹೂಡಿದೆ. ಅಜ್ಜನ ಕಾಲದಿಂದ ಹಸಿರು ಟೋಪಿ ಹಾಕಿದವನಿಗೆ ಬೇರೆ ಬಣ್ಣ ತೋರಿಸಿದರೆ ಮುಖ ಸಿಂಡರಿಸುತ್ತಾನೆ.

ಒಳಗಿನ ಹೂರಣ ಮಾತ್ರ ಹೆಚ್ಚುಕಮ್ಮಿ ಒಂದೇ: ಡೀಸೆಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಎಳೆತ, ಕಾಲಲ್ಲಿ ಒತ್ತಿದರೆ ಸಾಗುವ ಹೈಡ್ರೋಸ್ಟಾಟಿಕ್ ಪೆಡಲ್. 25 ಎಚ್‌ಪಿ ದಾಟಿದರೆ ಹೊಗೆಯ ನಿಯಮ ಬಿಗಿ. ಅದಕ್ಕೇ ಹಲವು ಎಂಜಿನ್‌ಗಳು 24ರ ಆಸುಪಾಸಿನಲ್ಲೇ ಸಭ್ಯವಾಗಿ ನಿಂತುಬಿಡುತ್ತವೆ!

ಕ್ಯಾಬಿನ್‌ಗೆಂದೇ ಸಾವಿರಾರು ಡಾಲರ್ ಹೆಚ್ಚಿಗೆ ತೆತ್ತು ಗಾಡಿ ಮನೆಗೆ ತಂದ ಮೇಲೆ ಅಸಲಿ ಮಜಾ. ಗ್ಯಾರೇಜ್ ಬಾಗಿಲು ಸಾಮಾನ್ಯವಾಗಿ 7 ಅಡಿ; ಕ್ಯಾಬಿನ್ನಿನ ನೆತ್ತಿ ಹಲವು ಸಲ ಅದಕ್ಕೂ ಮೇಲೆ. ಕ್ಯಾಬಿನ್ ಬದಲು ಸೀಟಿನ ಹಿಂದೆ ಬರೀ ಕಬ್ಬಿಣದ ರಕ್ಷಣಾ ಕಮಾನಿದ್ದಿದ್ದರೆ ಮಡಚಬಹುದಿತ್ತು. ಗಾಜಿನ ಕೋಣೆಯನ್ನು ಮಡಚುವುದು ಹೇಗೆ? ಯಜಮಾನ ಒಳಗೆ ಬೆಚ್ಚಗೆ ಕೂರಲೆಂದು ತಂದ ಟ್ರ್ಯಾಕ್ಟರ್ ತಾನೇ ಹೊರಗೆ ನಿಂತು ಹಿಮ ಹೊದೆಯುತ್ತದೆ. "ಇನ್ನು ಇದಕ್ಕೊಂದು ಮನೆ ಕಟ್ಟಿಸಿ" ಎಂದು ಯಜಮಾನಿ ಕುಟುಕುತ್ತಾಳೆ.

ಆದ್ದರಿಂದ ಬಣ್ಣಕ್ಕೆ ಮರುಳಾಗಬೇಡಿ. ರಿಪೇರಿಗೆ ಯಾವ ಡೀಲರ್ ಹತ್ತಿರ ಇದ್ದಾನೆ ನೋಡಿ. ಅದಕ್ಕೂ ಮೊದಲು ಟೇಪು ಹಿಡಿದು ಬಾಗಿಲು ಅಳೆಯಿರಿ.