ಕಿಂಡಿ ಕಾಯುವ ಗಾಜು

ಚಿತ್ರದುರ್ಗದವರಿಗೆ ಗಾಜಿನ ಮೇಲೆ ಅಂಥ ಗೌರವವೇನಿಲ್ಲ. ಕಣ್ಣುಬಿಟ್ಟಾಗಿನಿಂದ ಬಂಡೆ ನೋಡಿಕೊಂಡು ಬೆಳೆದವರಿಗೆ, ಕೈಜಾರಿದರೆ ಚೂರಾಗುವ ವಸ್ತುವೆಂದರೆ ಸ್ವಲ್ಪ ಉದಾಸೀನವೇ. ಆದರೆ ಈಗ ಎಲ್ಲರ ಜೇಬಿನಲ್ಲೂ ಅಂಗೈಯಗಲದ ಗಾಜೊಂದು ಬಂದು ಕೂತಿದೆ. ಬೆಟ್ಟ ಹತ್ತುವಾಗ ಎಡವಿ ಬಿದ್ದವರು ಮೊದಲು ತಡವಿ ನೋಡುವುದು ಮೊಣಕಾಲನ್ನಲ್ಲ, ಜೇಬನ್ನು.

“ಗೊರಿಲ್ಲಾ ಗ್ಲಾಸ್ ಐತೆ ಸಾರ್, ಆದ್ರೂ ಮ್ಯಾಲೊಂದು ಟೆಂಪರ್ ಹಾಕಿಸ್ಬಿಡಿ” ಎನ್ನುತ್ತಾನೆ ಅಂಗಡಿಯ ಹುಡುಗ. ಟೆಂಪರಿನ ಮೇಲೆ ಪೌಚು, ಅದೂ ಸಾಲದಿದ್ದರೆ ಫ್ಲಿಪ್ ಕವರು. ಏಳು ಸುತ್ತಿನ ಕೋಟೆಯ ಊರಿಗೆ ಇದೇನು ಹೊಸದಲ್ಲ ಅನ್ನಿ. ಗೊರಿಲ್ಲಾ ಎಷ್ಟೇ ಬಲಶಾಲಿಯಿರಲಿ, ಕೋಟೆಯ ಮೇಲಿನ ನಮ್ಮ ಕೋತಿಗಳು ಕಿತ್ತುಕೊಂಡು ಬುರುಜಿನಿಂದ ಕೆಳಕ್ಕೆ ಬಿಟ್ಟರೆ ಯಾರು ಗೆಲ್ಲುತ್ತಾರೋ ನೋಡಬೇಕು.

ಹಾಗಂತ ಗಾಜು ನಮ್ಮ ಸೀಮೆಗೆ ಹೊರಗಿನದಲ್ಲ. ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಬಳೆಗೆ ಹೆಸರಾದ ಊರು. ಟಿಪ್ಪು ಮಡಿದ ಮೇಲೆ 1800–01ರಲ್ಲಿ ಮೈಸೂರು ರಾಜ್ಯ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿಗೂ ಹೋಗಿ ಬಳೆ ಕುಲುಮೆಗಳನ್ನು ನೋಡಿ ಬರೆದಿಟ್ಟಿದ್ದಾನೆ. ಸುತ್ತಮುತ್ತಲಿನದೇ ಬೆಣಚುಕಲ್ಲಿನ ಪುಡಿ, ಸವಳು ಮಣ್ಣಿನಿಂದ ತೆಗೆದ ಸೋಡಾ. ಬರುತ್ತಿದ್ದುದು ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಣ್ಣದ ಗಾಜು. ಒರಟು, ಬೆಳಕು ಹಾಯದ್ದು ಎಂದು ಸಾಹೇಬ ಮೂಗು ಮುರಿದಿದ್ದಾನೆ. ಬಳೆಯ ಮೂಲಕ ಇಣುಕಿ ಆಚೆಗೆ ಏನಿದೆ ಎಂದು ಯಾವ ಹೆಂಗಸೂ ನೋಡುವುದಿಲ್ಲ ಎಂಬುದು ಅವನಿಗೆ ಹೊಳೆದಂತಿಲ್ಲ.

ಕರಗಿ ಗಾಜಾಗುವ ಆ ಬೆಣಚುಕಲ್ಲೇ ಧೂಳಾಗಿ ಜೇಬು ಸೇರಿದರೆ ಗಾಜನ್ನು ಗೀರುತ್ತದೆ. ಗಡಸಿನಲ್ಲಿ ಅದು ಒಂದು ಕೈ ಮೇಲು. ಗೀರೆಂದರೆ ಅಂದ ಕೆಟ್ಟಿತು ಅಂತಷ್ಟೇ ಅಲ್ಲ. ಗಾಜು ಸೋಲುವುದು ಕಣ್ಣಿಗೆ ಕಾಣದ ಗೀರುಗಳಿಂದಲೇ ಎಂದು ಇಂಗ್ಲೆಂಡಿನ ಎ.ಎ. ಗ್ರಿಫಿತ್ 1920ರಲ್ಲೇ ಲೆಕ್ಕ ಹಾಕಿ ತೋರಿಸಿದ. ಪೆಟ್ಟಿನ ಬಲವೆಲ್ಲ ಗೀರಿನ ತುದಿಗೆ ಬಂದು ಸೇರುತ್ತದೆ, ಅಲ್ಲಿಂದ ಬಿರುಕು ಓಡುತ್ತದೆ. ದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೈದರನ ಸೈನಿಕರು ನುಸುಳಿದ್ದು ಹೆಬ್ಬಾಗಿಲಿನಲ್ಲಲ್ಲ, ಕಿಂಡಿಯಲ್ಲಿ. ಒನಕೆ ಹಿಡಿದು ನಿಂತ ಓಬವ್ವನಂಥವಳು ಗಾಜಿನೊಳಗೆ ಇರಲಿಲ್ಲ, ಅಷ್ಟೇ ಕೊರತೆ.

ಓಬವ್ವ ಸಿಕ್ಕಿದ್ದು 1953ರಲ್ಲಿ, ಅಮೆರಿಕದ ಕಾರ್ನಿಂಗ್ ಕಂಪನಿಯಲ್ಲಿ, ಕುಲುಮೆ ಕೈಕೊಟ್ಟಿದ್ದರಿಂದ. ಡೊನಾಲ್ಡ್ ಸ್ಟೂಕಿ ಒಂದು ಗಾಜಿನ ಬಿಲ್ಲೆಯನ್ನು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲು ಇಟ್ಟಿದ್ದ; ಕಾವು 900ಕ್ಕೆ ಏರಿಬಿಟ್ಟಿತು. ಕರಗಿ ರಾಡಿಯಾಗಿರಬೇಕೆಂದು ಬಾಗಿಲು ತೆಗೆದರೆ ಹಾಲುಬಿಳುಪಿನ ಬಿಲ್ಲೆ ಹಾಗೇ ಇದೆ! ಇಕ್ಕಳದಿಂದ ಜಾರಿ ನೆಲಕ್ಕೆ ಬಿದ್ದದ್ದು ಠಣ್ ಎಂದಿತೇ ಹೊರತು ಒಡೆಯಲಿಲ್ಲ. ಗಾಜಿನೊಳಗೆಲ್ಲ ಹರಳುಗಟ್ಟಿತ್ತು. ಹರಳು ಅಡ್ಡ ನಿಂತರೆ ಬಿರುಕು ಬಳಸಿಕೊಂಡು ಹೋಗಬೇಕು, ಹೋಗುತ್ತ ಹೋಗುತ್ತ ಸುಸ್ತಾಗಬೇಕು. ಗ್ಲಾಸ್-ಸೆರಾಮಿಕ್ ಹುಟ್ಟಿದ್ದು ಹೀಗೆ. ಅರ್ಧ ಗಾಜು, ಅರ್ಧ ಕಲ್ಲು. 1958ಕ್ಕೆ ಅದು ಪಾತ್ರೆಯಾಗಿ ಅಮೆರಿಕದ ಅಡುಗೆಮನೆ ಹೊಕ್ಕಿತು.

ಪಾತ್ರೆಗೇನೋ ಸರಿ. ಫೋನಿಗೆ ಹಾಲುಬಿಳುಪಿನ ಮುಚ್ಚಳ ಹಾಕಿದರೆ ವಾಟ್ಸಾಪ್ ಓದುವುದೆಂತು? ಉಪಾಯವಿರುವುದು ಹರಳಿನ ಗಾತ್ರದಲ್ಲಿ. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು 400ರಿಂದ 700 ನ್ಯಾನೊಮೀಟರ್. ಹರಳು ಅದಕ್ಕಿಂತ ತೀರ ಸಣ್ಣದಿದ್ದರೆ ಬೆಳಕು ಲೆಕ್ಕಿಸದೆ ದಾಟಿಹೋಗುತ್ತದೆ. ಎಡವುವುದು ಬಿರುಕು ಮಾತ್ರ. ಅದಕ್ಕಾಗಿ ಮೊದಲು ಹದವಾದ ಕಾವಿನಲ್ಲಿ ಅಸಂಖ್ಯ ಹರಳಿನ ಮೊಳಕೆ ಹುಟ್ಟಿಸಬೇಕು, ಆಮೇಲೆ ಕಾವೇರಿಸಿ ಬೆಳೆಸಬೇಕು, ದೊಡ್ಡವಾಗುವ ಮುಂಚೆ ನಿಲ್ಲಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಬಿ.ಆರ್. ವರ್ಮ ಮತ್ತವರ ಶಿಷ್ಯರು ಲಿಥಿಯಂ ಬೋರೇಟ್‌ನಂಥ ಗಾಜುಗಳಲ್ಲಿ ಇಂಥ ನ್ಯಾನೊ ಹರಳುಗಳನ್ನು ಬೆಳೆಸಿ, ಗಾಜು ತಿಳಿಯಾಗಿಯೇ ಉಳಿಯುವಂತೆ ಮಾಡಿದರು. ಅವರ ಕಣ್ಣಿದ್ದುದು ಫೋನಿನ ಮೇಲಲ್ಲ, ಆ ಗಾಜಿನ ವಿದ್ಯುತ್ ಮತ್ತು ಬೆಳಕಿನ ಗುಣಗಳ ಮೇಲೆ. ಅದೇ ಸಂಸ್ಥೆಗೆ ನಮ್ಮ ಚಳ್ಳಕೆರೆ ಪಕ್ಕದ ಕುದಾಪುರದಲ್ಲಿ 1,500 ಎಕರೆ ಇದೆ. ಬೆಣಚುಕಲ್ಲಿಗೆ ಬರವಿಲ್ಲ, ಬಿಸಿಲು ಬಿಟ್ಟಿ. ಮತ್ತೋಡಿನ ಕಸುಬನ್ನು ಅಲ್ಲಿ ಮುಂದುವರಿಸಬಹುದೇನೋ ಎಂದು ನನ್ನಂಥವರು ಪುಕ್ಕಟೆ ಸಲಹೆ ಕೊಡಬಹುದು.

2020ರಲ್ಲಿ ಐಫೋನ್ 12ರ ಮುಖಕ್ಕೆ ‘ಸೆರಾಮಿಕ್ ಶೀಲ್ಡ್’ ಎಂಬ ಹೆಸರಿನಲ್ಲಿ ಕೂತದ್ದು ಇಂಥದೇ ನ್ಯಾನೊ ಹರಳಿನ ಗಾಜು. ಅದರ ಪರೀಕ್ಷೆಗೆ ನಮ್ಮ ಜಿಲ್ಲೆ ಹಿಂದೆ ಬೀಳಲಿಲ್ಲ. 1933ರ ನಂತರ ಮೊದಲ ಸಲ 2022ರಲ್ಲಿ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದಾಗ ಹಿರಿಯೂರಿಗೆ ಜನವೋ ಜನ. ಎಂಬತ್ತೊಂಬತ್ತು ವರ್ಷಕ್ಕೆ ಬಂದ ನೀರಿಗೆ ಬೆನ್ನು ತಿರುಗಿಸಿ, ಎಲ್ಲರೂ ಕೈ ಚಾಚಿ ಸೆಲ್ಫಿ ತೆಗೆದುಕೊಂಡರು.

ಇಷ್ಟಾದರೂ ಟೆಂಪರ್ ಅಂಗಡಿಯ ಹುಡುಗ ನಿಶ್ಚಿಂತೆಯಿಂದಿದ್ದಾನೆ. ಗಾಜು ಗಟ್ಟಿಯಾದಷ್ಟೂ ಕಂಪನಿಗಳು ಅದನ್ನು ತೆಳ್ಳಗೆ ಮಾಡುತ್ತವೆ, ಅಗಲ ಮಾಡುತ್ತವೆ, ನಾವು ಇನ್ನಷ್ಟು ಧೈರ್ಯದಿಂದ ಬೀಳಿಸುತ್ತೇವೆ. ಹೊಳಲ್ಕೆರೆಯ ಅಡಿಕೆ ತೋಟದ ನಮ್ಮ ಮಾವನಿಗೆ ಹರಳು, ನ್ಯಾನೊಮೀಟರು ಎಲ್ಲ ಸಾವಧಾನವಾಗಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಎಲೆಗೆ ಸುಣ್ಣ ಸವರುತ್ತ ಅಂದರು: “ಎಲ್ಲಾ ಸರಿ ಕಣಪ್ಪ. ಮರ ಹತ್ತೋನು ಬಗ್ಗಿದ್ರೂ ಫೋನು ಬೀಳ್ದಂಗೆ ಒಂದು ಜೇಬು ಹೊಲಿಯೋಕೆ ಯಾವ ವಿಜ್ಞಾನಿಗೂ ಬರಲ್ವಾ?”