ನಮ್ಮನ್ನು ಹೊರಗೆ ಹಾಕು, ಹನುಮಪ್ಪಾ

ಮಲಪ್ರಭೆ ದಂಡೆಯ ನಮ್ಮೂರ ಗುಡಿಯ ಹನುಮಂತದೇವರಿಗೆ, ಅದೇ ಗುಡಿಯ ಪಡಸಾಲೆಯಲ್ಲಿ ನಡೆಯುತ್ತಿರುವ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಪಾಲಕರ ಬಹಿರಂಗ ಪತ್ರ

ಯಪ್ಪಾ ಹನುಮಪ್ಪಾ,



ಬಾಡಿಗೆ ಕೊಡದೆ ಇರುವವರು ಮನೆ ಮಾಲೀಕರಿಗೆ ಪತ್ರ ಬರೆಯುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಮಾಳಿಗೆ ಸೋರುತ್ತಿದೆ ಅಂತ ದೂರಲು, ಇಲ್ಲವೇ ಇನ್ನೊಂದು ನಾಲ್ಕು ತಿಂಗಳು ಇರಗೊಡಿ ಅಂತ ಕೈಮುಗಿಯಲು. ನಮ್ಮದು ಇವೆರಡೂ ಅಲ್ಲ. ನಮ್ಮನ್ನು ಹೊರಗೆ ಹಾಕು. ಹಾಕಿದ್ದೇನೆ ಅಂತ ಒಂದು ಕಾಗದ ಬರೆದುಕೊಡು.

ಸಿಟ್ಟಾಗಬೇಡ. ನಿನ್ನ ಮೇಲೆ ನಮಗೆ ಯಾವ ದೂರೂ ಇಲ್ಲ. ಇಲ್ಲದಿರುವುದೇ ತೊಂದರೆಯಾಗಿದೆ. ನಮ್ಮ ಶಾಲೆಯ ಕಟ್ಟಡದ ಕಡತಕ್ಕೆ ಈಚೆಗೆ ಒಂದು ಟಿಪ್ಪಣಿ ಸೇರಿದೆ: ‘ಸದರಿ ಶಾಲೆಯು ಪ್ರಸ್ತುತ ದೇವಸ್ಥಾನದ ಆವರಣದಲ್ಲಿ ಸುಗಮವಾಗಿ ನಡೆಯುತ್ತಿದ್ದು, ಪರ್ಯಾಯ ವ್ಯವಸ್ಥೆ ಸಮರ್ಪಕವಾಗಿರುತ್ತದೆ.’ ಸುಗಮ, ಸಮರ್ಪಕ. ಬರೆದವರು ನಮ್ಮೂರಿಗೆ ಬಂದದ್ದನ್ನು ನಾವು ಕಂಡಿಲ್ಲ. ನೀನೇನಾದರೂ ಕಂಡಿದ್ದರೆ ಹೇಳು, ನೀನು ಹಗಲೂ ರಾತ್ರಿ ಅಲ್ಲೇ ಇರುವವನು.

2019ರ ಆಗಸ್ಟ್ ನೆನಪಿದೆಯಲ್ಲ. ನವಿಲುತೀರ್ಥದ ಅಣೆಕಟ್ಟು ತುಂಬಿ, ಬಿಟ್ಟ ನೀರು ಎರಡೂ ದಂಡೆಯ ಊರುಗಳಿಗೆ ನುಗ್ಗಿತು. ಹೊಳೆಗೆ ಹತ್ತಿರವಿದ್ದ ನಮ್ಮ ಸಾಲಿ ಕಿಟಕಿಯ ಮಟ್ಟದವರೆಗೆ ಮುಳುಗಿತು. ನೀರು ಇಳಿದ ಮೇಲೆ ನೋಡಿದರೆ ಗೋಡೆಗಳೇನೋ ನಿಂತಿದ್ದವು, ಆದರೆ ನೆಲಕ್ಕೂ ಗೋಡೆಗೂ ಮಾತು ಬಿಟ್ಟುಹೋಗಿತ್ತು. ಎಂಜಿನಿಯರ್ ಸಾಹೇಬರು ಬಂದು, ದೂರದಿಂದಲೇ ನೋಡಿ, ‘ಶಿಥಿಲ’ ಎಂದು ಬರೆದುಕೊಟ್ಟರು. ಇಷ್ಟು ವರ್ಷದಲ್ಲಿ ನಮಗೆ ಕೇಳಿದ ಕೂಡಲೇ ಸಿಕ್ಕ ಕಾಗದ ಅದೊಂದೇ. ನೀನು ದಿನ್ನೆಯ ಮೇಲಿದ್ದೆ, ಪಾದವೂ ತೋಯ್ದಿರಲಿಲ್ಲ. ಹೆಡ್ ಮಾಸ್ತರರು ಊರ ಹಿರಿಯರನ್ನು ಕೇಳಿದರು, ಹಿರಿಯರು ಪೂಜಾರಿಯನ್ನು ಕೇಳಿದರು, ಪೂಜಾರಿ ನಿನ್ನನ್ನು ಕೇಳಿದ. ‘ಹದಿನೈದು ದಿನದ ಮಟ್ಟಿಗೆ’ ಎಂದು ಹೇಳಿಯೇ ಬಂದಿದ್ದೆವು.

ಆ ವರ್ಷ ಒಂದನೇ ತರಗತಿಗೆ ಸೇರಿದ ಮಕ್ಕಳು ಈಗ ಏಳನೆಯದರಲ್ಲಿದ್ದಾರೆ. ಹದಿನೈದು ದಿನ ಇನ್ನೂ ಮುಗಿದಿಲ್ಲ. ಮೊನ್ನೆ ಅಕ್ಕೋರು ‘ನಮ್ಮ ಶಾಲೆ’ ಎಂದು ಚಿತ್ರ ಬರೆಯಲು ಹೇಳಿದರೆ, ಸಣ್ಣ ಮಕ್ಕಳು ಒಬ್ಬರೂ ಬಿಡದೆ ಗೋಪುರ, ಗಂಟೆ ಬರೆದರು. ಒಬ್ಬ ಹುಡುಗ ಬಾಲವನ್ನೂ ಬರೆದಿದ್ದ. ಹೆಡ್ ಮಾಸ್ತರರು ಯಾರೆಂದು ಕೇಳಿದರೆ ಅವನು ಯಾರನ್ನು ತೋರಿಸುತ್ತಾನೋ, ನಾವು ಕೇಳಲು ಹೋಗಲಿಲ್ಲ.

ಮೊದಲ ತಿಂಗಳು ಗಂಟೆಯದೇ ಪಡಿಪಾಟಲು. ದರ್ಶನಕ್ಕೆ ಬಂದ ಯಾರೋ ಗಂಟೆ ಬಾರಿಸಿದರೆ ಮಕ್ಕಳು ಸಾಲಿ ಬಿಟ್ಟಿತೆಂದು ಪಾಟಿಚೀಲ ಎತ್ತಿಕೊಂಡು ಓಡುತ್ತಿದ್ದರು. ಈಗ ನಿಜವಾದ ಗಂಟೆ ಬಾರಿಸಿದರೂ ಏಳುವುದಿಲ್ಲ. ಒಂದರಿಂದ ಮೂರನೇ ತರಗತಿಯ ನಲಿಕಲಿ ಮಕ್ಕಳಿಗೆ ಕಾರ್ಡು, ಚಿತ್ರಗಳನ್ನು ತೂಗುಹಾಕುವ ದಾರದ ಚಪ್ಪರ ಬೇಕು. ಅದನ್ನು ನಿನ್ನ ಕಂಬದಿಂದ ಕಂಬಕ್ಕೆ ಕಟ್ಟುತ್ತೇವೆ. ಅಮಾವಾಸ್ಯೆ ಬಂದರೆ ಪೂಜಾರಿ ಅದನ್ನು ಬಿಚ್ಚಿ ಮಾವಿನ ತೋರಣ ಕಟ್ಟುತ್ತಾನೆ. ಕಾರ್ಡುಗಳು ಒಮ್ಮೊಮ್ಮೆ ಪ್ರಸಾದದ ಬುಟ್ಟಿಯಲ್ಲಿ ಸಿಗುತ್ತವೆ. ನಿನ್ನ ಜಾತ್ರೆಗೆ ರಜೆ, ಕಾರ್ತಿಕಕ್ಕೆ ಅರ್ಧ ರಜೆ, ಊರಲ್ಲಿ ಯಾರದಾದರೂ ಮದುವೆಯಿದ್ದರೆ ಅಡುಗೆಯವರು ಪಾತ್ರೆ ಇಳಿಸುವ ಮೊದಲೇ ನಾವು ಜಮಖಾನೆ ಸುತ್ತಿಟ್ಟುಕೊಳ್ಳಬೇಕು. ಒಟ್ಟಿನಲ್ಲಿ ಸುಗಮ.

ಈ ಮಾತನ್ನು ಒಬ್ಬ ಸಾಹೇಬರ ಮುಂದೆ ಹೇಳಿದಾಗ ಅವರು ನಕ್ಕರು. “ಅಕ್ಕಾರ, ಗುಡಿಯೊಳಗ ವಿದ್ಯಾ ಕಲಿಸೋದು ನಮ್ಮ ಪರಂಪರಾ ಐತ್ರಿ,” ಅಂದರು. ಪರಂಪರೆಯ ಮಾತು ಬಂತಲ್ಲ ಅಂತ ನಮ್ಮ ಗುರುಗಳು ಸಾಲೋಟಗಿಯ ಶಾಸನ ತೆಗೆದರು. ಇಂಡಿ ತಾಲ್ಲೂಕಿನ ಆ ಊರಲ್ಲಿ, ಕ್ರಿ.ಶ. 945ರಷ್ಟು ಹಿಂದೆಯೇ, ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣನೆಂಬವನು ವಿದ್ಯಾರ್ಥಿಗಳಿಗೆಂದೇ ಒಂದು ಶಾಲೆ ಕಟ್ಟಿಸಿದ. ಕಂಡಲ್ಲಿ ಕೂತುಕೊಳ್ಳಿರಿ ಅನ್ನಲಿಲ್ಲ. ಪಾವಿಟ್ಟಗೆ ಎಂಬ ಊರಿನ ಹೆಸರಿಗೆ ಆ ಶಾಲೆಯೇ ಅಂಟಿಕೊಂಡು ಸಾಲೋಟಗಿ ಆಯಿತು ಎನ್ನುತ್ತಾರೆ. ಸಾಹೇಬರು ಪೂರ್ತಿ ಕೇಳಿಸಿಕೊಂಡು, “ಆಗ ಫಂಡ್ ಇತ್ರಿ,” ಅಂದರು.

ಶಾಸನದ ಮಾತೇ ಬಂದಿದ್ದರಿಂದ ಇನ್ನೊಂದು. ಅದೇ ಆಗಸ್ಟಿನ ನೀರು ಪಟ್ಟದಕಲ್ಲಿನ ಗುಡಿಗಳಿಗೂ ನುಗ್ಗಿತ್ತು. ಅವು ಕೆಸರು ತೊಳೆಸಿಕೊಂಡು ಮೊದಲಿನ ಹಾಗೇ ನಿಂತವು. ಅಲ್ಲಿಯ ವಿರೂಪಾಕ್ಷನ ಗುಡಿಯನ್ನು 8ನೇ ಶತಮಾನದಲ್ಲಿ ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಕಟ್ಟಿದವನು ಗುಂಡ ಅನಿವಾರಿತಾಚಾರಿ ಎಂದು ಕಲ್ಲಿನ ಮೇಲೇ ಬರೆದಿದೆ. ಈಗಿನ ಕಲ್ಲುಗಳಲ್ಲಿ ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು ಎಲ್ಲರೂ ಇರುತ್ತಾರೆ, ಗೌಂಡಿಯ ಹೆಸರೊಂದು ಬಿಟ್ಟು. ನಮ್ಮ ಶಾಲೆಯ ವಿಷಯದಲ್ಲಿ ಅದು ನ್ಯಾಯವೇ. ಗೌಂಡಿಗೆ ಇನ್ನೂ ಕೆಲಸವೇ ಬಂದಿಲ್ಲವಲ್ಲ.

ಗುದ್ದಲಿ ಪೂಜೆ ಮಾತ್ರ ಒಮ್ಮೆ ಆಗಿದೆ, 2023ರ ಚುನಾವಣೆಗೆ ಮುಂಚೆ. ಗುದ್ದಲಿ ನಮ್ಮ ಮನೆಯದು. ಅರಿಸಿನ ಕುಂಕುಮ ಹಚ್ಚಿಸಿಕೊಂಡು ಸಂಜೆಗೆ ಮನೆಗೆ ವಾಪಸು ಬಂತು, ಮರುದಿನ ಕಬ್ಬಿನ ಹೊಲಕ್ಕೆ ಹೋಯಿತು. ಆಮೇಲೆ ನೀತಿ ಸಂಹಿತೆ. ಅದು ಮುಗಿದು ಹೊಸ ಸರಕಾರ ಬಂದು ಕಣ್ಣುಬಿಡುವಷ್ಟರಲ್ಲಿ 2024ರ ಲೋಕಸಭೆಯ ನೀತಿ ಸಂಹಿತೆ.

ಅದಕ್ಕೂ ಮೊದಲು ಕೊರೊನಾ ಬಂತು. 2020ರಲ್ಲಿ ಇಡೀ ರಾಜ್ಯದ ಶಾಲೆಗಳು ಮುಚ್ಚಿ, ‘ವಿದ್ಯಾಗಮ’ ಎಂದು ಗುಡಿ, ಕಟ್ಟೆ, ಮರದ ನೆರಳಲ್ಲಿ ಪಾಠ ಶುರುವಾಯಿತು. ಸುಳ್ಳು ಯಾಕೆ ಹೇಳಲಿ, ನಮಗೆ ಆಗ ಒಂದಿಷ್ಟು ಸಮಾಧಾನವೇ ಆಯಿತು. ಕರ್ನಾಟಕವೇ ನಮ್ಮ ಮಟ್ಟಕ್ಕೆ ಬಂದಿತ್ತು. ಆಮೇಲೆ ಅವರೆಲ್ಲ ತಮ್ಮ ತಮ್ಮ ಕಟ್ಟಡಗಳಿಗೆ ಮರಳಿದರು, ನಾವು ನಿನ್ನಲ್ಲೇ ಉಳಿದೆವು.

2022ರಲ್ಲಿ ಸಾವಿರಾರು ಕೊಠಡಿ ಕಟ್ಟುವ ‘ವಿವೇಕ’ ಯೋಜನೆ ಬಂದಾಗ ಆಸೆ ಚಿಗುರಿತು. ಆದರೆ ಕೊಠಡಿಗಿಂತ ಮೊದಲು ಬಣ್ಣದ ಜಗಳ ಎದ್ದಿತು, ಗೋಡೆಗೆ ಕೇಸರಿ ಬಳಿಯಬೇಕೋ ಬೇಡವೋ ಅಂತ. ವಾರಗಟ್ಟಲೆ ಟಿವಿಯಲ್ಲಿ ಅದೇ. ನಿನ್ನ ಮೈಬಣ್ಣಕ್ಕಾಗಿ ಊರೆಲ್ಲ ಹೊಡೆದಾಡುತ್ತಿದ್ದರೆ ನೀನು ಮಾತ್ರ ಸುಮ್ಮನಿದ್ದೆ, ಅದು ನಿನ್ನ ದೊಡ್ಡಸ್ತಿಕೆ. ನಾವೂ ಸುಮ್ಮನಿದ್ದೆವು. ಬಳಿಯಲು ನಮ್ಮ ಹತ್ತಿರ ಗೋಡೆ ಇರಲಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ನಾವೂ ಓದಿಸಿ ಕೇಳಿದ್ದೇವೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿದೆ: ಮಳೆ, ಬಿಸಿಲು, ಚಳಿ ಎಲ್ಲಕ್ಕೂ ತಾಳುವ ಕಟ್ಟಡ, ಶಿಕ್ಷಕರೊಬ್ಬರಿಗೆ ಕಡೇಪಕ್ಷ ಒಂದು ಕೋಣೆ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆಕೋಣೆ, ಆಟದ ಬಯಲು, ಸುತ್ತ ಕಾಂಪೌಂಡು. ಇದನ್ನೆಲ್ಲ ಒದಗಿಸಲು ಮೂರು ವರ್ಷದ ಗಡುವಿತ್ತು. 2013ರಲ್ಲೇ ಮುಗಿಯಿತು. ಅದೇ ಕಾಯ್ದೆ ಶಾಲಾ ಸಮಿತಿಯಲ್ಲಿ, ಅಂದರೆ ಎಸ್‌ಡಿಎಂಸಿಯಲ್ಲಿ, ಮುಕ್ಕಾಲು ಪಾಲು ಪಾಲಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅನ್ನುತ್ತದೆ. ಆ ಭಾಗವನ್ನು ನಾವು ಪಾಲಿಸಿದ್ದೇವೆ. ಹೊಲಿಗೆ ಮಿಷನ್ ಮುಂದೆ ಕೂತಿದ್ದ ನನ್ನನ್ನು ಎಬ್ಬಿಸಿ ಅಧ್ಯಕ್ಷೆ ಮಾಡಿದ್ದು ಹಾಗೇ.

ಜಾಗದ ಕಥೆ ಕೇಳಿದರೆ ನೀನೂ ನಗುತ್ತೀ. 2009ರ ನೆರೆ ಆದ ಮೇಲೆ ನಮ್ಮೂರಿಗೆ ಎತ್ತರದ ಮೇಲೆ ‘ಆಸರೆ’ ಮನೆಗಳಾದವು. ಕೆಲವರು ಹೋದರು, ಕೆಲವರು ದನಕರು, ಹೊಲ ಬಿಟ್ಟು ಹೋಗಲಾರದೆ ಉಳಿದರು. ಹಳೆಯ ಜಾಗದಲ್ಲೇ ಶಾಲೆ ಕಟ್ಟಿಕೊಡಿ ಎಂದರೆ, ಊರು ಸ್ಥಳಾಂತರವಾಗಿದೆ, ಇಲ್ಲಿ ಕಟ್ಟುವ ಹಾಗಿಲ್ಲ ಎಂದರು. ಸರಿ, ಹೊಸ ಊರಲ್ಲಿ ಕಟ್ಟಿರಿ ಎಂದೆವು. ಅಲ್ಲಿ ಜನವಸತಿ ಸಾಲದು ಎಂದರು. ಹಾಗಾದರೆ ನಾವು ಇರುವುದೆಲ್ಲಿ ಎಂದು ಕೇಳಿದ್ದಕ್ಕೆ ಉತ್ತರ ಬಂದಿಲ್ಲ. ನಡುವೆ ಒಬ್ಬ ರೈತ ಅರ್ಧ ಎಕರೆ ದಾನ ಕೊಟ್ಟ. ಮೋಜಣಿ ಆಯಿತು, ಚೆಕ್‌ಬಂದಿ ಆಯಿತು, ಉತಾರದಲ್ಲಿ ಶಾಲೆಯ ಹೆಸರು ಏರುವುದೊಂದು ಬಾಕಿ. ಅದರ ನಡುವೆ ಕಟ್ಟಡವಿಲ್ಲದ ಸಾಲಿ ಬೇಡ ಅಂತ ಕೆಲವರು ಮಕ್ಕಳನ್ನು ಕಾನ್ವೆಂಟಿನ ಹಳದಿ ಬಸ್ಸಿಗೆ ಹತ್ತಿಸಿದರು. ಈಗ ಕಡತದಲ್ಲಿ ಹೊಸ ಪ್ರಶ್ನೆ: ದಾಖಲಾತಿ ಇಳಿಯುತ್ತಿರುವಾಗ ಕಟ್ಟಡ ಯಾಕೆ?

ನೀನು ಲಂಕೆಗೆ ಸೇತುವೆ ಕಟ್ಟಿದಾಗ ನಳನೊಬ್ಬನೇ ಎಂಜಿನಿಯರು, ಐದು ದಿನಕ್ಕೆ ನೂರು ಯೋಜನ. ಸಮುದ್ರದ ಉತಾರ ಯಾರ ಹೆಸರಲ್ಲಿತ್ತು ಎಂದು ಯಾರೂ ಕೇಳಲಿಲ್ಲ. ಇರಲಿ.

ಇನ್ನು ಮೊಟ್ಟೆಯ ವಿಷಯ. ಇದನ್ನು ನಿನ್ನೆದುರು ಹೇಳಲು ಸಂಕೋಚ, ಆದರೂ ನಿನಗೆ ವಾಸನೆ ಬಂದಿರಲೇಬೇಕು. 2024ರಿಂದ ಬಿಸಿಯೂಟದ ಜೊತೆ ವಾರಕ್ಕೆ ಆರೂ ದಿನ ಮೊಟ್ಟೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಹಣ ಕೊಟ್ಟಿದೆ, ಮಕ್ಕಳ ಕೆನ್ನೆ ತುಂಬಲಿ ಅಂತ. ಆರು ದಿನ ಅಂದರೆ ಶನಿವಾರವೂ ಸೇರಿತು, ನಿನ್ನ ವಾರ. ಗುಡಿಯೊಳಗೆ ಮೊಟ್ಟೆ ಬೇಡ ಎಂದು ಹಿರಿಯರು ತೀರ್ಮಾನಿಸಿದರು, ತಪ್ಪು ಅನ್ನಲಾರೆವು. ಹಾಗಾಗಿ ಅಡುಗೆಯ ಅವ್ವನವರು ಮೊಟ್ಟೆಯನ್ನು ತಮ್ಮ ಮನೆಯಲ್ಲಿ ಕುದಿಸಿ ತರುತ್ತಾರೆ. ಮಕ್ಕಳು ನಿನ್ನ ಪಡಸಾಲೆಯಲ್ಲಿ ಅನ್ನ ಸಾರು ಉಂಡು, ಕೈ ತೊಳೆದು, ಸಾಲು ಹಿಡಿದು ರಸ್ತೆ ದಾಟಿ, ಹಿಟ್ಟಿನ ಗಿರಣಿಯ ಗೋಡೆಗೆ ಒರಗಿ ನಿಂತು ಮೊಟ್ಟೆ ತಿನ್ನುತ್ತಾರೆ. ಟ್ರ್ಯಾಕ್ಟರು ಬಂದರೆ ಗುರುಗಳು ಸೀಟಿ ಊದುತ್ತಾರೆ. ಸಿಪ್ಪೆಯನ್ನು ಜೇಬಿನಲ್ಲಿ ಹಾಕಿಕೊಂಡು ವಾಪಸು ಬರಬಾರದು ಎಂಬುದು ನಮ್ಮ ಶಾಲೆಯ ಶಿಸ್ತಿನ ಮೊದಲ ನಿಯಮ. ಬಾಳೆಹಣ್ಣು ತೆಗೆದುಕೊಳ್ಳುವವರು ಒಳಗೇ ಕೂತಿರುತ್ತಾರೆ. ಯಾರ ಮನೆಯಲ್ಲಿ ಏನು ತಿನ್ನುತ್ತಾರೆ ಎಂಬುದು ದಿನಾ ಮಧ್ಯಾಹ್ನ ಒಂದು ಗಂಟೆಗೆ ರಸ್ತೆಯ ಆ ಕಡೆ ಈ ಕಡೆ ಎಂದು ಊರಿಗೆಲ್ಲ ಕಾಣುತ್ತದೆ.

ಪಡಸಾಲೆಯಲ್ಲೂ ಆ ಕಡೆ ಈ ಕಡೆ ಇದೆ. ಹೊಸ್ತಿಲ ಬಳಿ, ಚಪ್ಪಲಿ ಬಿಡುವ ಜಾಗದ ಪಕ್ಕ ಯಾವ ಮಕ್ಕಳು ಕೂರುತ್ತಾರೆ ಎಂದು ನಿನಗೆ ಗೊತ್ತು. ಗುರುಗಳು ಕೂರಿಸಿದ್ದಲ್ಲ. ಹಿರಿಯರೂ ಒಂದು ಮಾತು ಆಡಿಲ್ಲ. ಮೊದಲ ದಿನ ತಾವೇ ಹೋಗಿ ಕೂತರು, ಅವರ ಅಪ್ಪ ಅವ್ವ ನಿನಗೆ ಕೈ ಮುಗಿಯಲು ನಿಲ್ಲುವ ಜಾಗ ಅದು. ಹಳೆಯ ಸಾಲಿಯಲ್ಲಿ ಅದೇ ಮಕ್ಕಳು ಎರಡನೇ ಬೆಂಚಿನಲ್ಲಿ ಕೂತು ಜಗಳ ಆಡುತ್ತಿದ್ದರು.

ಆರು ಮತ್ತು ಏಳನೇ ತರಗತಿಯ ಹಾಜರಿ ಪುಸ್ತಕವನ್ನು ಒಮ್ಮೆ ತೆರೆದು ನೋಡು. ದೊಡ್ಡವರಾದ ಹುಡುಗಿಯರ ಸಾಲಿನಲ್ಲಿ ತಿಂಗಳಿಗೆ ನಾಲ್ಕು ದಿನ ‘ಗೈ’ ಎಂದಿರುತ್ತದೆ. ಗೈರುಹಾಜರಿಗೆ ಕಾರಣ ಬರೆಯುವ ಕಾಲಂ ಖಾಲಿ. ಗುಡಿಯೊಳಗೆ ಆ ದಿನಗಳಲ್ಲಿ ಕಾಲಿಡಬಾರದು ಎಂದು ಮನೆಯಲ್ಲಿ ಅಜ್ಜಿಯರು ತಡೆಯುತ್ತಾರೆ, ಹುಡುಗಿಯರೂ ಹೆದರುತ್ತಾರೆ. ಗುರುಗಳು ಭಿನ್ನರಾಶಿ ಕಲಿಸಿದ ವಾರವೇ ನನ್ನ ಮಗಳು ಮನೆಯಲ್ಲಿ ಕೂತಿದ್ದಳು, ಅರ್ಧ ಮತ್ತು ಕಾಲು ಕೂಡಿಸಲು ಇವತ್ತಿಗೂ ತಡವರಿಸುತ್ತಾಳೆ. ನೀನು ಬ್ರಹ್ಮಚಾರಿ, ಇದೆಲ್ಲ ನಿನಗೆ ತಿಳಿಯಬೇಕೆಂದು ನಾವು ಬಯಸಿದವರಲ್ಲ. ನಿನಗೆ ಮೈಲಿಗೆ ಆಗುತ್ತದೋ ಇಲ್ಲವೋ ನೀನೇ ಬಲ್ಲೆ. ಅವಳ ಲೆಕ್ಕ ಮಾತ್ರ ತಪ್ಪುತ್ತದೆ.

ಹೋದ ತಿಂಗಳು ನಾವು ತಡೆಯಲಾರದೆ ಮಕ್ಕಳನ್ನು ಟ್ರ್ಯಾಕ್ಟರಿನಲ್ಲಿ ಹತ್ತಿಸಿಕೊಂಡು ಕಚೇರಿಯೊಂದಕ್ಕೆ ಹೋದೆವು. ಘೋಷಣೆ ಇಲ್ಲ, ಬ್ಯಾನರ್ ಇಲ್ಲ. ವರಾಂಡದಲ್ಲಿ ಜಮಖಾನೆ ಹಾಸಿ, ಬೋರ್ಡು ಒರಗಿಸಿ, ಗುರುಗಳು ಆ ದಿನದ ಪಾಠ ಶುರು ಮಾಡಿದರು. ಮೂರರ ಮಗ್ಗಿ ಹನ್ನೆರಡಕ್ಕೆ ಬರುವಷ್ಟರಲ್ಲಿ ಸಾಹೇಬರು ಹೊರಗೆ ಬಂದರು.

“ಇದೇನ್ರೀ ಇದು? ಇದು ಆಫೀಸು. ಜನ ಓಡಾಡೋ ಜಾಗ. ಇಲ್ಲಿ ಪಾಠ ಮಾಡಾಕ ಆಗತೈತೇನು? ಹುಡುಗರ ಲಕ್ಷ್ಯ ಹೆಂಗ ನಿಲ್ಲಬೇಕು?”

“ಖರೇ ಐತ್ರಿ ಸಾಹೇಬ್ರ,” ಅಂದೆ. “ಅದನ್ನ ಒಂದು ಕಾಗದದಾಗ ಬರದು ಕೊಡ್ರಿ, ನಾವು ಎದ್ದು ಹೊಕ್ಕೀವಿ.”

ಬರೆದುಕೊಡಲಿಲ್ಲ. ಚಹಾ ತರಿಸಿದರು, ಮಕ್ಕಳಿಗೆ ಬಿಸ್ಕೀಟು ಕೊಡಿಸಿದರು, ಕೆಟ್ಟವರಲ್ಲ. ಹೊರಡುವಾಗ ಗುಮಾಸ್ತರೊಬ್ಬರು ನನ್ನನ್ನು ಬದಿಗೆ ಕರೆದು ಗುಟ್ಟು ಹೇಳಿದರು. “ಅಕ್ಕಾ, ಇರೋ ಜಾಗ ಬಿಡಿಸಿದ್ರು ಅಂತ ನೋಟಿಸು ಇದ್ರ ನಿಮ್ಮ ಫೈಲಿಗೆ ಅರ್ಜೆಂಟ್ ಅಂತ ಚೀಟಿ ಹಚ್ಚಬಹುದು ನೋಡ್ರಿ. ಈಗ ನಿಮ್ಮ ಮಾಲಕರು ಬಾಳ ಚಲೋ ಮಂದಿ ಆಗ್ಯಾರ.”

ಆ ಮಾಲಕ ನೀನು. ಅದಕ್ಕೇ ಈ ಪತ್ರ. ನೋಟಿಸಿನ ಒಕ್ಕಣೆ ನಾವೇ ಬರೆದು ಇಟ್ಟಿದ್ದೇವೆ: ‘ಈ ಮೂಲಕ ತಿಳಿಸುವುದೇನೆಂದರೆ, ನನ್ನ ಪಡಸಾಲೆಯನ್ನು ಮೂವತ್ತು ದಿನಗಳೊಳಗೆ ತೆರವು ಮಾಡತಕ್ಕದ್ದು.’ ಕೆಳಗೆ ಸಿಂಧೂರದ ಹೆಬ್ಬೆಟ್ಟು ಒತ್ತಿದರೆ ಸಾಕು. ಆಧಾರ್ ಸಂಖ್ಯೆ ಕೇಳಿದರೆ ನಾವು ಹೇಗೋ ಸಂಭಾಳಿಸುತ್ತೇವೆ.

ಹೋದ ಶನಿವಾರ ಪೂಜಾರಿಯಿಂದ ಹೂವಿನ ಪ್ರಸಾದ ಕೇಳಿಸಿದೆವು. ಬಲಗಡೆಯ ಹೂ ಬಿದ್ದರೆ ನೋಟಿಸಿಗೆ ಒಪ್ಪಿಗೆ, ಎಡಗಡೆಯದಾದರೆ ಇಲ್ಲ. ಮಕ್ಕಳೆಲ್ಲ ಉಸಿರು ಹಿಡಿದು ಕೂತಿದ್ದರು. ಎಡಗಡೆಯ ಹೂ ಬಿತ್ತು. ಸಣ್ಣವರು ಚಪ್ಪಾಳೆ ತಟ್ಟಿದರು.

ನಿನ್ನ ಮನಸ್ಸು ಅಂಥದ್ದು ಅಂತ ನಮಗೆ ಗೊತ್ತೇ ಇತ್ತು. ದಯವಿಟ್ಟು ಮರುಪರಿಶೀಲಿಸು. ಬರುವ ಶನಿವಾರ ಮತ್ತೆ ಕೇಳಿಸುತ್ತೇವೆ, ಬೆಳಗಿನ ಸಾಲಿ ಬಿಡುವ ಮುಂಚೆ, ಮಕ್ಕಳು ಮೊಟ್ಟೆ ತಿನ್ನಲು ರಸ್ತೆ ದಾಟಿದಾಗ.

ನಿನ್ನ ಪಡಸಾಲೆಯ ಒಕ್ಕಲು,
ಎಸ್‌ಡಿಎಂಸಿ ಅಧ್ಯಕ್ಷೆ ಮತ್ತು ಎಲ್ಲ ಪಾಲಕರು